ಪಾಪಕ್ಷಮೆಯ ಕಡೆಗೆ: ಒಂದು ಗ್ರೀಕ್ ಉಪಸರ್ಗ ಮತ್ತು ಶಿಶುಗಳ ದೀಕ್ಷಾಸ್ನಾನ

ಗುರುದೀಕ್ಷೆ ಪಡೆದ ಹೊಸತರಲ್ಲಿ ನಾವು ಸಹಾಯಕ ಗುರುವಾಗಿದ್ದ ಧರ್ಮಕೇಂದ್ರವೊಂದರಲ್ಲಿ ಮೂರು ದಿನದ ಕೂಸೊಂದು ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡಿತು. ಮಣ್ಣುಮಾಡುವ ಹೊತ್ತಿನಲ್ಲಿ ಕೂಸಿನ ಅಜ್ಜಿ ನಮ್ಮ ಬಳಿಗೆ ಬಂದು, "ಸ್ವಾಮಿ, ಪಾಪಕ್ಷಮೆಗಾಗಿ ದೀಕ್ಷಾಸ್ನಾನ ಅಂತ ಪೂಜೆಯಲ್ಲಿ ಹೇಳ್ತೀವಲ್ಲ, ಈ ಕೂಸು ಏನು ಪಾಪ ಮಾಡಿತ್ತು?" ಎಂದು ಕೇಳಿದರು. ಗುರುಮಠದಲ್ಲಿ ಕಲಿತ ಜನ್ಮಪಾಪದ ಪಾಠವನ್ನು ನಾವು ಒಪ್ಪಿಸಿದೆವು. ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೆ ಅದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಸಂಸ್ಕಾರಗಳ ದೈವಶಾಸ್ತ್ರವನ್ನು ಬೋಧಿಸಲು ತೊಡಗಿ ಕೆಲವು ವರ್ಷಗಳಾದ ಮೇಲೆ ನಮಗೆ ತಿಳಿದದ್ದೇನೆಂದರೆ, ಆ ಮುದುಕಿಯ ಪ್ರಶ್ನೆಗೆ ಸಾವಿರದ ಎಂಟುನೂರು ವರ್ಷಗಳ ವಯಸ್ಸಾಗಿದೆ. ಒರಿಜೆನ್ ಅದನ್ನು ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಕೇಳಿದ್ದಾನೆ. ಅದು ನಿಂತಿರುವುದು ಮೂರಕ್ಷರದ ಒಂದು ಗ್ರೀಕ್ ಪದದ ಮೇಲೆ.

ಆ ಪದ 'ಎಯ್ಸ್'. ಕ್ರಿ.ಶ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿ ನಮಗೆ ಬಂದಿರುವ ವಿಶ್ವಾಸಸಂಗ್ರಹದಲ್ಲಿ ದೀಕ್ಷಾಸ್ನಾನವು 'ಎಯ್ಸ್ ಆಫೆಸಿನ್ ಹಮಾರ್ತಿಯೋನ್' ಎಂದಿದೆ. ಆಫೆಸಿಸ್ ಎಂದರೆ ಬಿಡುಗಡೆ ಅಥವಾ ಕ್ಷಮೆ, ಹಮಾರ್ತಿಯೋನ್ ಎಂದರೆ ಪಾಪಗಳ. ಇವೆರಡನ್ನೂ ದೀಕ್ಷಾಸ್ನಾನಕ್ಕೆ ಕಟ್ಟುವ ಗಂಟೇ ಎಯ್ಸ್. ನಾಮಪದದ ಹಿಂದೆ ಪ್ರತ್ಯಯ ಹಚ್ಚುವ ನಮ್ಮ ಭಾಷೆಗೆ, ನಾಮಪದದ ಮುಂದೆ ನಿಲ್ಲುವ ಈ ಉಪಸರ್ಗಗಳು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಎಯ್ಸ್ ಎಂಬುದು ಮೂಲತಃ ಚಲನೆಯ ಪದ: ಒಳಕ್ಕೆ, ಕಡೆಗೆ, ಆ ಗುರಿಗೆ. ನೆಲೆಯನ್ನು ಹೇಳುವ 'ಎನ್' ಅದರ ನೆರೆಮನೆಯ ಪದ. ನಮ್ಮ 'ಅಲ್ಲಿ' ಪ್ರತ್ಯಯಕ್ಕೆ ಹತ್ತಿರವಾದದ್ದು. ಹೊಸ ಒಡಂಬಡಿಕೆಯ ಕಾಲಕ್ಕೆ ಇವೆರಡರ ನಡುವಿನ ಗೋಡೆ ಕುಸಿಯತೊಡಗಿತ್ತು. ಇಂದಿನ ಗ್ರೀಕ್ ಆಡುಮಾತಿನಲ್ಲಿ ಎಯ್ಸ್‌ನ ವಂಶಜವೇ ಎರಡೂ ಕೆಲಸಗಳನ್ನು ಮಾಡುತ್ತದೆ. ಆದುದರಿಂದ ಉಪಸರ್ಗವೊಂದನ್ನೇ ಹಿಂಡಿ ಸಿದ್ಧಾಂತದ ರಸ ತೆಗೆಯಲು ಹೊರಡುವವರಿಗೆ ಮೊದಲ ಎಚ್ಚರಿಕೆ ಗ್ರೀಕ್ ಭಾಷೆಯಿಂದಲೇ ಬರುತ್ತದೆ. ಸಂತ ಲೂಕ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೇಸುವಿನ ನಾಮದ ದೀಕ್ಷಾಸ್ನಾನವನ್ನು ಒಮ್ಮೆ 'ಎಪಿ' ಎಂದು (2:38), ಎರಡು ಬಾರಿ 'ಎಯ್ಸ್' ಎಂದು (8:16, 19:5), ಇನ್ನೊಮ್ಮೆ 'ಎನ್' ಎಂದು (10:48) ಬರೆದಿದ್ದಾನೆ. ಅವನ ಮನಸ್ಸಿನಲ್ಲಿ ಮೂರು ಬಗೆಯ ದೀಕ್ಷಾಸ್ನಾನಗಳಿದ್ದವೆಂದು ಯಾರೂ ವಾದಿಸಲಾರರು.

'ಪಾಪಕ್ಷಮೆಗೆ' ಎಂಬ ಪದಗುಚ್ಛದ ಬೇರು ಮಾರ್ಕನ ಮೊದಲನೆಯ ಅಧ್ಯಾಯದಲ್ಲಿದೆ. ಅಲ್ಲಿ ಅದು ಸ್ನಾನಿಕ ಯೊವಾನ್ನನ ದೀಕ್ಷಾಸ್ನಾನವನ್ನು ವಿವರಿಸುತ್ತದೆ. ಮತ್ತಾಯನು ಯೊವಾನ್ನನ ಪ್ರಸಂಗವನ್ನು ಬರೆಯುವಾಗ ಈ ಪದಗುಚ್ಛವನ್ನು ಅಲ್ಲಿಂದ ಕೈಬಿಟ್ಟು, ಅದನ್ನೇ ಕಡೆಯ ಭೋಜನದ ಪಾತ್ರೆಯ ಮೇಲಿನ ಮಾತಿನಲ್ಲಿ ಇಟ್ಟಿದ್ದಾನೆ (26:28). ಇದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಕ್ಷಮೆಯ ಮೂಲ ನೀರಲ್ಲ, ಸುರಿದ ರಕ್ತ ಎಂಬುದನ್ನು ಮತ್ತಾಯನು ಒಂದು ಪದಗುಚ್ಛವನ್ನು ಸ್ಥಳಾಂತರಿಸಿಯೇ ಹೇಳಿಬಿಟ್ಟಿದ್ದಾನೆ. ಮೂರನೆಯ ಸ್ಥಳ ಪಂಚಾಶತ್ತಮ ದಿನದ ಪೇತ್ರನ ಉಪದೇಶ. ಅಲ್ಲಿ ಒಂದು ವ್ಯತ್ಯಾಸವಿದೆ: ಹಳೆಯ ಪ್ರಮುಖ ಹಸ್ತಪ್ರತಿಗಳ ಪ್ರಕಾರ ಪೇತ್ರನು 'ನಿಮ್ಮ' ಪಾಪಗಳ ಕ್ಷಮೆ ಎನ್ನುತ್ತಾನೆ. ಎದುರಿಗಿದ್ದ ಜನರು ವಯಸ್ಕರು. ಯೇಸುವನ್ನು ಶಿಲುಬೆಗೆ ಹಾಕಿಸಿದ ದೋಷವನ್ನು ಆಗತಾನೇ ಕೇಳಿ ಎದೆಗೆ ಈಟಿ ನೆಟ್ಟಂತೆ ಆಗಿದ್ದವರು. ಯಾರ ಪಾಪ ಎಂಬ ಪ್ರಶ್ನೆ ಅಲ್ಲಿ ಏಳುವಂತೆಯೇ ಇರಲಿಲ್ಲ. ವಿಶ್ವಾಸಸಂಗ್ರಹದಲ್ಲಿ ಆ 'ನಿಮ್ಮ' ಇಲ್ಲ. ಪ್ರಶ್ನೆ ನುಸುಳಿದ್ದು ಆ ಖಾಲಿ ಜಾಗದಿಂದ.

ಅದಕ್ಕೆ ಮೊದಲು ಇಪ್ಪತ್ತನೆಯ ಶತಮಾನದ ಒಂದು ವಿವಾದವನ್ನು ಮುಟ್ಟಿ ಮುಂದಕ್ಕೆ ಹೋಗಬೇಕು. ವಿದ್ಯಾರ್ಥಿಗಳು ಪ್ರೊಟೆಸ್ಟೆಂಟ್ ವ್ಯಾಖ್ಯಾನಗಳನ್ನು ತೆರೆದ ಕೂಡಲೇ ಎದುರಾಗುವುದು ಅದೇ. ದೀಕ್ಷಾಸ್ನಾನವು ಕ್ಷಮೆಯನ್ನು ಉಂಟುಮಾಡುವುದಿಲ್ಲ, ಆಗಲೇ ದೊರೆತ ಕ್ಷಮೆಗೆ ಸಾಕ್ಷಿ ಮಾತ್ರ ಎನ್ನುವ ಬ್ಯಾಪ್ಟಿಸ್ಟ್ ಪಂಥದವರಿಗೆ ಪೇತ್ರನ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅಮೆರಿಕದ ಬ್ಯಾಪ್ಟಿಸ್ಟ್ ವಿದ್ವಾಂಸ ಜೆ. ಆರ್. ಮ್ಯಾಂಟಿ 1951ರಲ್ಲಿ ಎಯ್ಸ್ ಪದಕ್ಕೆ ಕಾರಣಾರ್ಥವೂ ಇದೆಯೆಂದು ವಾದಿಸಿದರು. ಆಗ ಪೇತ್ರನ ಮಾತಿಗೆ 'ಪಾಪಗಳು ಕ್ಷಮಿಸಲ್ಪಟ್ಟಿರುವ ಕಾರಣ' ಎಂಬ ಅರ್ಥ ಬರುತ್ತದೆ. ಯೋನನ ಸಾರೋಣಕ್ಕೆ ನಿನೆವೆಯವರು ಪಶ್ಚಾತ್ತಾಪಪಟ್ಟರೆಂಬ ವಾಕ್ಯದಲ್ಲಿ (ಮತ್ತಾಯ 12:41) ಬರುವುದೂ ಎಯ್ಸ್ ಎಂಬುದು ಅವರ ಮುಖ್ಯ ಆಧಾರಗಳಲ್ಲೊಂದು. ಫಿಲೋ ಮತ್ತು ಜೋಸೆಫಸ್‌ರ ಗ್ರಂಥಗಳ ಅನುವಾದಕರೂ ಯೆಹೂದ್ಯ ವಿದ್ವಾಂಸರೂ ಆದ ರಾಲ್ಫ್ ಮಾರ್ಕಸ್ ಅದೇ ಪತ್ರಿಕೆಯಲ್ಲಿ ಮ್ಯಾಂಟಿಯವರ ಉದಾಹರಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವು ನಿಲ್ಲುವುದಿಲ್ಲವೆಂದು ತೋರಿಸಿದರು. ಮ್ಯಾಂಟಿಯವರ ದೈವಶಾಸ್ತ್ರ ಸರಿಯಿದ್ದರೂ ಇರಬಹುದು, ಆದರೆ ಅದಕ್ಕೆ ಭಾಷೆಯ ಆಧಾರವಿಲ್ಲ ಎಂಬುದು ಅವರ ನಿಲುವು.

ಕನ್ನಡಿಗರಿಗೆ ಈ ವಿವಾದ ವಿಚಿತ್ರವಾಗಿ ಕಾಣಬಾರದು. ನಮ್ಮ ಚತುರ್ಥಿ ವಿಭಕ್ತಿಯೂ ಎರಡು ಮುಖದ್ದೇ. ಊಟಕ್ಕೆ ಕೂತರು ಎಂದರೆ ಉದ್ದೇಶ; ಚಳಿಗೆ ನಡುಗಿದರು ಎಂದರೆ ಕಾರಣ. ನಿನೆವೆಯವರು ಯೋನನ ಮಾತಿಗೆ ಕರಗಿದರು ಎಂದರೆ ನಮಗೆ ಯಾವ ತೊಡಕೂ ಇಲ್ಲ. ಆದರೆ ಚಳಿಗೆ ನಡುಗಿದರು ಎಂಬುದನ್ನು ಆಧಾರವಾಗಿಟ್ಟುಕೊಂಡು, ಊಟಕ್ಕೆ ಕೂತರು ಎಂದರೆ ಊಟ ಮುಗಿದದ್ದರಿಂದ ಕೂತರು ಎಂದು ಅರ್ಥ ಹೇಳುವವರನ್ನು ಯಾರೂ ಒಪ್ಪುವುದಿಲ್ಲ. ಇನ್ನೂ ಮುಖ್ಯವಾದ ಮಾತು ಪಾತ್ರೆಯದು. ಅಲ್ಲಿಯೂ ಅದೇ ಮೂರು ಪದಗಳು, ಅದೇ ಕ್ರಮದಲ್ಲಿವೆ. ಪಾಪಗಳು ಆಗಲೇ ಕ್ಷಮಿಸಲ್ಪಟ್ಟಿದ್ದುದರಿಂದ ಕ್ರಿಸ್ತನು ರಕ್ತ ಸುರಿಸಿದನೆಂದು ಯಾವ ಪಂಥವೂ ಬೋಧಿಸುವುದಿಲ್ಲ. ನಮ್ಮ ಮಟ್ಟಿಗೆ ಈ ವಿವಾದ ಅಲ್ಲಿಗೆ ಮುಗಿಯಿತು.

ಆದರೆ ಎಯ್ಸ್ ಗುರಿಯನ್ನು ಹೇಳುತ್ತದೆ, ಕ್ಷಮೆ ಮುಂದಿದೆ ಎಂದು ಒಪ್ಪಿದ ಕೂಡಲೇ ಅಜ್ಜಿಯ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ. ಕ್ಷಮೆ ಗುರಿಯಾದರೆ ಕ್ಷಮಿಸಬೇಕಾದದ್ದು ಏನೋ ಇರಲೇಬೇಕಲ್ಲವೆ?

ಇದನ್ನು ಬರವಣಿಗೆಯಲ್ಲಿ ಮೊದಲು ಎತ್ತಿದವನು ಕಾರ್ಥೇಜಿನ ತೆರ್ತುಲ್ಲಿಯಾನ. ಸುಮಾರು 200ರಲ್ಲಿ ಬರೆದ ದೀಕ್ಷಾಸ್ನಾನದ ಕುರಿತಾದ ಗ್ರಂಥದ ಹದಿನೆಂಟನೆಯ ಅಧ್ಯಾಯದಲ್ಲಿ, ನಿರ್ದೋಷಿಯಾದ ಎಳೆಯ ವಯಸ್ಸು ಪಾಪಕ್ಷಮೆಯ ಕಡೆಗೆ ಏಕೆ ಅವಸರಪಡಬೇಕೆಂದು ಅವನು ಕೇಳುತ್ತಾನೆ. ಕುತೂಹಲದ ಸಂಗತಿ ಏನೆಂದರೆ, ಆದಾಮನಿಂದ ಹರಿದುಬರುವ ಕೆಡುಕಿನ ಕುರಿತು ಮುಂದಿನವರಿಗೆ ಪರಿಭಾಷೆಯನ್ನು ಒದಗಿಸಿದವನೂ ಇದೇ ತೆರ್ತುಲ್ಲಿಯಾನ. ಶಿಶುವಿನ ನಿರ್ದೋಷವೂ ಮಾನವಕುಲದ ಕೆಡುಕೂ ಅವನ ತಲೆಯಲ್ಲಿ ಒಟ್ಟಿಗೇ ಇದ್ದವು. ಒಂದನ್ನು ಇನ್ನೊಂದಕ್ಕೆ ಬಡಿದು ನೋಡುವ ಅಗತ್ಯ ಅವನಿಗೆ ಬರಲಿಲ್ಲ. ಅವನ ಸಲಹೆ ಸರಳ: ಕಾಯಿರಿ.

ಧರ್ಮಸಭೆ ಕಾಯಲಿಲ್ಲ. ಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಲೆಸ್ತೀನಿನ ಕೈಸರೇಯದಲ್ಲಿ ಒರಿಜೆನ್ ಲೂಕನ ಶುಭಸಂದೇಶದ ಮೇಲೆ ಕೊಟ್ಟ ಹದಿನಾಲ್ಕನೆಯ ಪ್ರಬೋಧನೆಯಲ್ಲಿ ಒಂದು ಮಾತು ಬರುತ್ತದೆ. ಆ ಪ್ರಬೋಧನೆಗಳು ನಮಗೆ ಮುಖ್ಯವಾಗಿ ಸಂತ ಜೆರೋಮನ ಲತೀನ್ ಅನುವಾದದಲ್ಲಿ ಉಳಿದಿವೆ. ಎಳೆಯ ಮಕ್ಕಳಿಗೆ ಪಾಪಕ್ಷಮೆಗಾಗಿಯೇ ದೀಕ್ಷಾಸ್ನಾನ ಕೊಡಲಾಗುತ್ತಿದೆ. ಹಾಗಾದರೆ ಯಾವ ಪಾಪಗಳು, ಅವರು ಪಾಪ ಮಾಡಿದ್ದು ಯಾವಾಗ ಎಂದು ಸಹೋದರರು ಪದೇ ಪದೇ ವಿಚಾರಿಸುವರೆಂದು ಅವನು ಹೇಳುತ್ತಾನೆ. ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಜನ್ಮಪಾಪದ ಸಿದ್ಧಾಂತ, ಆಮೇಲೆ ಅದಕ್ಕೆ ಪರಿಹಾರವಾಗಿ ಶಿಶು ದೀಕ್ಷಾಸ್ನಾನ ಎಂದು ನಮ್ಮ ಪಠ್ಯಪುಸ್ತಕಗಳ ಜೋಡಣೆ ಇದೆ. ಚರಿತ್ರೆಯಲ್ಲಿ ನಡೆದದ್ದು ತಿರುಗುಮುರುಗು: ಆಚರಣೆ ಇತ್ತು, ಅದರೊಂದಿಗೆ ಆ ಪದಗುಚ್ಛವಿತ್ತು, ಎರಡೂ ಸೇರಿ ಪ್ರಶ್ನೆಯನ್ನು ಹುಟ್ಟಿಸಿದವು. ಒರಿಜೆನ್ ಕೊಟ್ಟ ಉತ್ತರ 'ಪಾಪ'ವಲ್ಲ, ಜನನದ 'ಕೊಳೆ'. ಯೋಬನ ಗ್ರಂಥದ ಹದಿನಾಲ್ಕನೆಯ ಅಧ್ಯಾಯದ ಆಧಾರದ ಮೇಲೆ.

ಸುಮಾರು 253ರಲ್ಲಿ ಸಂತ ಸಿಪ್ರಿಯಾನನು ಅರವತ್ತಾರು ಮಂದಿ ಧರ್ಮಾಧ್ಯಕ್ಷರ ಸಭೆಯ ಪರವಾಗಿ ಫಿದುಸ್ ಎಂಬ ಧರ್ಮಾಧ್ಯಕ್ಷನಿಗೆ ಪತ್ರ ಬರೆದನು. ಸುನ್ನತಿಯಂತೆ ಎಂಟನೆಯ ದಿನದವರೆಗೆ ಕಾಯಬೇಕೆಂಬುದು ಫಿದುಸನ ಅಭಿಪ್ರಾಯ. ಕಾಯಬೇಕಿಲ್ಲವೆಂಬುದು ಸಭೆಯ ತೀರ್ಮಾನ. ಕೊಟ್ಟ ಕಾರಣ ಇದು: ಶಿಶುವಿಗೆ ಕ್ಷಮಿಸಲ್ಪಡುವುದು ಅದರ ಸ್ವಂತ ಪಾಪಗಳಲ್ಲ, ಪರರ ಪಾಪಗಳು; ಆದುದರಿಂದ ಅದು ಇನ್ನಷ್ಟು ಸುಲಭವಾಗಿ ಕ್ಷಮೆಯನ್ನು ಪಡೆಯುತ್ತದೆ. ಇದರ ಧಾಟಿ ಕರುಣೆಯದು. ಬಾಗಿಲನ್ನು ತೆರೆಯುವ ವಾದ ಇದು. ಮುಂದೆ ಇದೇ ವಾದ ಬಾಗಿಲು ಮುಚ್ಚಲೂ ಬಳಕೆಯಾಗುವುದೆಂದು ಸಿಪ್ರಿಯಾನನು ಎಣಿಸಿರಲಾರನು.

ಪೂರ್ವದ ಪಿತೃಗಳ ದಾರಿ ಬೇರೆ. ನಜಿಯಾನ್ಜಸ್‌ನ ಸಂತ ಗ್ರೆಗೊರಿಯು 381ರ ಸುಮಾರಿನಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಕೊಟ್ಟ ದೀಕ್ಷಾಸ್ನಾನದ ಪ್ರಬೋಧನೆಯಲ್ಲಿ, ಎಳೆತನದ ಕಾರಣ ದೀಕ್ಷಾಸ್ನಾನ ಪಡೆಯದೆ ಸತ್ತವರಿಗೆ ಮಹಿಮೆಯೂ ಇಲ್ಲ, ದಂಡನೆಯೂ ಇಲ್ಲವೆನ್ನುತ್ತಾನೆ. ಮುದ್ರೆ ಇಲ್ಲದಿದ್ದರೂ ಅವರಲ್ಲಿ ದುಷ್ಟತನವಿಲ್ಲ. ದಂಡನೆಗೆ ಅರ್ಹರಲ್ಲದವರೆಲ್ಲರೂ ಗೌರವಕ್ಕೆ ಅರ್ಹರೆಂದೇನೂ ಆಗುವುದಿಲ್ಲ ಎಂಬುದು ಅವನ ತರ್ಕ. 381ರ ಮಹಾಸಭೆಯ ಅಧ್ಯಕ್ಷ ಪೀಠದಲ್ಲಿ ಸ್ವಲ್ಪ ಕಾಲ ಕುಳಿತವನೂ ಇದೇ ಗ್ರೆಗೊರಿ. ಆ ಮಹಾಸಭೆಗೆ ಸಲ್ಲುವ ವಿಶ್ವಾಸಸಂಗ್ರಹದ 'ಎಯ್ಸ್ ಆಫೆಸಿನ್' ಎಂಬ ಮಾತು, ಶಿಶುವಿನಲ್ಲಿ ದಂಡನಾರ್ಹವಾದ ಪಾಪವಿದೆಯೆಂಬ ಅರ್ಥವನ್ನು ಅವನ ಕಿವಿಗೆ ಕೊಡುತ್ತಿರಲಿಲ್ಲವೆಂಬುದು ಸ್ಪಷ್ಟ. ಅದೇ ದಶಕಗಳಲ್ಲಿ ಅಂತಿಯೋಕ್ಯದ ಸಂತ ಜಾನ್ ಕ್ರಿಸೋಸ್ತೋಮನು ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಉಪದೇಶಿಸುತ್ತ, ಪಾಪಕ್ಷಮೆಯೊಂದೇ ಇದರ ಫಲವೆಂದು ಅನೇಕರು ಭಾವಿಸುತ್ತಾರೆ, ಆದರೆ ನಾವು ಹತ್ತು ಫಲಗಳನ್ನು ಎಣಿಸಿದ್ದೇವೆ ಎನ್ನುತ್ತಾನೆ. ಪಾಪಗಳಿಲ್ಲದಿದ್ದರೂ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದು ಇದಕ್ಕಾಗಿಯೇ: ಪಾವಿತ್ರ್ಯ, ನೀತಿ, ದತ್ತುಪುತ್ರತ್ವ, ಬಾಧ್ಯತೆ, ಕ್ರಿಸ್ತನ ಸೋದರತ್ವ ಇವೆಲ್ಲ ಅವರಿಗೂ ದೊರೆಯಲಿ ಎಂದು. ಫ್ರೆಂಚ್ ಗುರು ಆಂತ್ವಾನ್ ವೆಂಜೆ 1955ರಲ್ಲಿ ಆಥೋಸ್ ಪರ್ವತದ ಸ್ತಾವ್ರೋನಿಕೀತಾ ಮಠದಲ್ಲಿ ಕಂಡುಹಿಡಿದ ಎಂಟು ಪ್ರಬೋಧನೆಗಳ ಹಸ್ತಪ್ರತಿಯಲ್ಲಿ ಮೂರನೆಯದು ಇದೇ. ಅದನ್ನು ಗುರುಮಠದ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಪೂರ್ತಿಯಾಗಿ ಓದಬೇಕೆಂಬುದು ನಮ್ಮ ಆಸೆ.

ಇನ್ನು ಕಾರ್ಥೇಜಿಗೆ ಬರೋಣ. 410ರಲ್ಲಿ ರೋಮ್ ನಗರ ಗೋಥರ ಕೈಗೆ ಸಿಕ್ಕಿದಾಗ ಆಫ್ರಿಕಕ್ಕೆ ಓಡಿಬಂದವರ ಗುಂಪಿನಲ್ಲಿ ಪೆಲಾಜಿಯಸನೂ ಅವನ ಜೊತೆಗಾರ ಸೆಲೆಸ್ತಿಯಸನೂ ಇದ್ದರು. ಆ ದಿನಗಳಲ್ಲಿ ಕಾರ್ಥೇಜಿನಲ್ಲಿ ಕೆಲವರು ಆಡಿಕೊಳ್ಳುತ್ತಿದ್ದ ಒಂದು ಮಾತು ತಮ್ಮ ಕಿವಿಗೆ ಬಿದ್ದಿತ್ತೆಂದು ಸಂತ ಅಗಸ್ಟೀನರು ಪಾಪಗಳ ಕ್ಷಮೆ ಮತ್ತು ಶಿಶು ದೀಕ್ಷಾಸ್ನಾನವನ್ನು ಕುರಿತ ಗ್ರಂಥದಲ್ಲಿ ನೆನೆಯುತ್ತಾರೆ: ಶಿಶುಗಳು ದೀಕ್ಷಾಸ್ನಾನ ಪಡೆಯುವುದು ಪಾಪಕ್ಷಮೆಗಾಗಿ ಅಲ್ಲ, ಕ್ರಿಸ್ತನಲ್ಲಿ ಪವಿತ್ರರಾಗುವುದಕ್ಕಾಗಿ ಎಂದು. ಆಗ ಅದು ಹೊಸದೆಂದು ತೋರಿದರೂ, ಆಡಿದವರು ಅಷ್ಟು ತೂಕದವರಲ್ಲವೆಂದು ಸುಮ್ಮನಿದ್ದರಂತೆ. ಆಮೇಲೆ ಸುಮ್ಮನಿರಲು ಆಗಲಿಲ್ಲ.

ಅಗಸ್ಟೀನರ ವಾದದ ಬಲ ಅದರ ಸರಳತೆಯಲ್ಲಿದೆ. ವಯಸ್ಕರಿಗೊಂದು, ಶಿಶುಗಳಿಗೊಂದು ಎಂದು ಎರಡು ದೀಕ್ಷಾಸ್ನಾನಗಳಿಲ್ಲ, ಇರುವುದು ಒಂದೇ. ಆ ಒಂದು ಪಾಪಕ್ಷಮೆಗಾಗಿ. ಧರ್ಮಸಭೆ ಶಿಶುವಿನ ಮೇಲೆ ಆ ಮಾತನ್ನು ಉಚ್ಚರಿಸುವಾಗ ಸುಳ್ಳು ಹೇಳುತ್ತಿದೆಯೆ? ಸೆಲೆಸ್ತಿಯಸನ ಜಾಣತನ ಇಲ್ಲಿ ಕಾಣುತ್ತದೆ. 417ರಲ್ಲಿ ಪೋಪ್ ಜೊಸಿಮಸ್‌ರ ಮುಂದಿಟ್ಟ ತನ್ನ ಹೇಳಿಕೆಯಲ್ಲಿ ಅವನು, ಶಿಶುಗಳಿಗೆ ಪಾಪಕ್ಷಮೆಗಾಗಿಯೇ ದೀಕ್ಷಾಸ್ನಾನ ಕೊಡಬೇಕೆಂದು ಒಪ್ಪಿದನು. ಆದರೆ ಹಾಗೆ ಒಪ್ಪಿದ ಮಾತ್ರಕ್ಕೆ ಪಾಪ ವಂಶದಿಂದ ಬರುತ್ತದೆಂದು ತಾನು ಒಪ್ಪಿದಂತಲ್ಲವೆಂದನು. ಉಪಸರ್ಗವನ್ನು ಬಾಯಲ್ಲಿ ಉಳಿಸಿಕೊಂಡು ಅದರ ಹೊರೆಯನ್ನು ಕೆಳಗಿಳಿಸುವ ಉಪಾಯ ಇದು. 418ರ ಮೇ 1ರಂದು ಕಾರ್ಥೇಜಿನಲ್ಲಿ ಕೂಡಿದ ಇನ್ನೂರಕ್ಕೂ ಹೆಚ್ಚು ಧರ್ಮಾಧ್ಯಕ್ಷರ ಸಭೆ ತನ್ನ ಎರಡನೆಯ ವಿಧಿಯಲ್ಲಿ ಈ ಉಪಾಯವನ್ನೇ ಗುರಿಯಿಟ್ಟು ಹೊಡೆಯಿತು: ಶಿಶುಗಳಿಗೆ ಪಾಪಕ್ಷಮೆಗಾಗಿ ದೀಕ್ಷಾಸ್ನಾನವೆಂದು ಹೇಳುತ್ತ, ಆದಾಮನಿಂದ ಜನ್ಮಪಾಪವನ್ನು ಅವು ಪಡೆದಿಲ್ಲವೆನ್ನುವವನು, ದೀಕ್ಷಾಸ್ನಾನದ ಆ ಸೂತ್ರವನ್ನು ಅವುಗಳ ವಿಷಯದಲ್ಲಿ ಸುಳ್ಳಾಗಿಸುತ್ತಾನೆ. ಸೂತ್ರ ಶಿಶುಗಳ ವಿಷಯದಲ್ಲಿಯೂ 'ಸತ್ಯವಾಗಿ' ಅನ್ವಯಿಸಬೇಕು ಎಂಬ ಒಂದು ಕ್ರಿಯಾವಿಶೇಷಣದ ಮೇಲೆ ಇಡೀ ವಿಧಿ ನಿಂತಿದೆ. 1546ರ ಜೂನ್ 17ರಂದು ಟ್ರೆಂಟ್ ಮಹಾಸಭೆ ತನ್ನ ಐದನೆಯ ಅಧಿವೇಶನದಲ್ಲಿ ಇದನ್ನು ಬಹುಪಾಲು ಹಾಗೆಯೇ ಎತ್ತಿಕೊಂಡಿತು.

ಜನ್ಮಪಾಪದ ಸಿದ್ಧಾಂತ ತಪ್ಪು ಅನುವಾದದ ಕೂಸು ಎಂಬ ಮಾತನ್ನು ಇಂದು ಎಲ್ಲೆಲ್ಲೂ ಕೇಳುತ್ತೇವೆ. ರೋಮನರಿಗೆ ಬರೆದ ಪತ್ರದ 5:12ರ 'ಎಫ್ ಹೋ' ಎಂಬುದು 'ಎಲ್ಲರೂ ಪಾಪ ಮಾಡಿದ್ದರಿಂದ' ಎಂದಿದ್ದರೂ, ಲತೀನಿನಲ್ಲಿ ಅದು 'ಅವನಲ್ಲಿ ಎಲ್ಲರೂ ಪಾಪ ಮಾಡಿದರು' ಎಂದಾಯಿತು ಎಂಬುದು ಆ ಮಾತಿನ ಆಧಾರ. ಈ ಆರೋಪದಲ್ಲಿ ಭಾಷಾದೃಷ್ಟಿಯಿಂದ ಹುರುಳಿದೆ. 418ರ ವಿಧಿ ಆ ವಾಕ್ಯವನ್ನೂ ಉಲ್ಲೇಖಿಸುತ್ತದೆ. ಆದರೆ ವಿಧಿಯನ್ನು ಓದಿದವರಿಗೆ ತಿಳಿಯುವಂತೆ, ಅಲ್ಲಿ ಭಾರ ಹೊತ್ತಿರುವ ಇನ್ನೊಂದು ತೊಲೆ ಇದೆ. ಅದು ಎಯ್ಸ್; ಸರಿಯಾಗಿಯೇ ಅನುವಾದವಾದ ಎಯ್ಸ್. ಎಫ್ ಹೋ ಕೈಬಿಟ್ಟರೂ ಅಗಸ್ಟೀನರ ಪ್ರಶ್ನೆ ಅಲ್ಲಿಯೇ ನಿಲ್ಲುತ್ತದೆ. ಅದಕ್ಕೆ ಉತ್ತರಿಸದೆ ಅನುವಾದದ ದೋಷವನ್ನು ಎತ್ತಿ ಆಡುವುದು ನಮಗೆ ಸೋಮಾರಿತನವಾಗಿ ಕಾಣುತ್ತದೆ.

ಎಕ್ಲಾನಮ್ಮಿನ ಧರ್ಮಾಧ್ಯಕ್ಷ ಜೂಲಿಯನ್ ಸೋಮಾರಿಯಾಗಿರಲಿಲ್ಲ. ಅವನು ಕ್ರಿಸೋಸ್ತೋಮನ ಮೇಲೆ ಹೇಳಿದ ಪ್ರಬೋಧನೆಯನ್ನೇ ತಂದು ಅಗಸ್ಟೀನರ ಮುಂದಿಟ್ಟನು. ಗ್ರೀಕ್ ತಮಗೆ ಅಷ್ಟಾಗಿ ಬಾರದೆಂದು ಒಪ್ಪಿಕೊಂಡಿದ್ದ ಅಗಸ್ಟೀನರು ಆಗ ಮೂಲವನ್ನು ತೆರೆದು, ಜೂಲಿಯನ್ ಉದ್ಧರಿಸಿದ ಲತೀನಿನಲ್ಲಿ 'ಪಾಪ' ಎಂದು ಏಕವಚನವಿದ್ದರೆ, ಗ್ರೀಕಿನಲ್ಲಿರುವುದು 'ಪಾಪಗಳು' ಎಂಬ ಬಹುವಚನವೆಂದು ತೋರಿಸಿದರು. ಶಿಶುಗಳಿಗೆ ಸ್ವಂತ ಪಾಪಗಳಿಲ್ಲವೆಂಬುದಷ್ಟೇ ಕ್ರಿಸೋಸ್ತೋಮನ ಅಭಿಪ್ರಾಯ. ಈ ಜಗಳ ಇನ್ನೂ ಹುಟ್ಟದ ಕಾಲದಲ್ಲಿ ಅವನು ನಿಶ್ಚಿಂತೆಯಿಂದ ಮಾತನಾಡಿದನು ಎಂದರು. ವ್ಯಾಕರಣದ ದೃಷ್ಟಿಯಿಂದ ಅಗಸ್ಟೀನರು ಗೆದ್ದರು. ಆದರೂ ಆ ಹತ್ತು ಫಲಗಳ ಎಣಿಕೆಗೆ ಅವರ ವಾದದಲ್ಲಿ ತಕ್ಕ ಸ್ಥಾನ ಸಿಗಲಿಲ್ಲವೆಂಬುದು ನಮ್ಮ ಕೊರಗು.

ನಮ್ಮ ತಿಳಿವಿಗೆ ಬರುವುದು ಇಷ್ಟು. ಎಯ್ಸ್ ಎಲ್ಲಿಗೆ ಎಂಬುದನ್ನು ಹೇಳುತ್ತದೆ, ಎಲ್ಲಿಂದ ಎಂಬುದನ್ನಲ್ಲ. ಅದಕ್ಕೆ ಗ್ರೀಕಿನಲ್ಲಿ 'ಎಕ್', 'ಅಪೊ' ಎಂಬ ಬೇರೆ ಪದಗಳಿವೆ. ಮೈಸೂರಿಗೆ ಎಂದು ಫಲಕ ಹಾಕಿದ ಬಸ್ಸಿಗೆ ಒಬ್ಬರು ಬೆಂಗಳೂರಿನಲ್ಲಿ ಹತ್ತುತ್ತಾರೆ, ಇನ್ನೊಬ್ಬರು ಮದ್ದೂರಿನಲ್ಲಿ. ಇಬ್ಬರ ವಿಷಯದಲ್ಲಿಯೂ ಫಲಕ ಸತ್ಯವೇ. ಆದರೆ ಮದ್ದೂರಿನಲ್ಲಿ ಹತ್ತಿದವರನ್ನು ನೀವೂ ಬೆಂಗಳೂರಿನಿಂದಲೇ ಬಂದಿರಬೇಕೆಂದು ಒತ್ತಾಯಿಸುವಂತಿಲ್ಲ. ಯಾರೂ ಮೈಸೂರಿನಲ್ಲೇ ಇರಲಿಲ್ಲ ಎಂಬುದಷ್ಟೇ ಫಲಕದಿಂದ ತಿಳಿಯುವುದು. ಕಾರ್ಥೇಜಿನ 'ಸತ್ಯವಾಗಿ' ಎಂಬ ಮಾತಿಗೂ ಟ್ರೆಂಟಿನ ಬೋಧನೆಗೂ ಇದರಿಂದ ಕುಂದಿಲ್ಲ: ಶಿಶು ವರಪ್ರಸಾದದ ಹೊರಗೆ ಹುಟ್ಟುತ್ತದೆ, ಅದನ್ನು ಒಳಕ್ಕೆ ತರಬೇಕು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಜನ್ಮಪಾಪವನ್ನು ಸಾದೃಶ್ಯದ ಅರ್ಥದಲ್ಲಿ ಮಾತ್ರ ಪಾಪವೆನ್ನುತ್ತದೆ. ಅದು ಬಂದದ್ದು, ಮಾಡಿದ್ದಲ್ಲ. ವೈಯಕ್ತಿಕ ಅಪರಾಧದ ಲಕ್ಷಣ ಅದಕ್ಕಿಲ್ಲ (404–405).

ಉಪಸರ್ಗದ ಆಚೆಗಿರುವ ಆಫೆಸಿಸ್ ಪದವನ್ನೂ ಒಮ್ಮೆ ನೋಡಬೇಕು. ಲೇವಿಯರ ಗ್ರಂಥದ 25ನೆಯ ಅಧ್ಯಾಯದ ಗ್ರೀಕ್ ಅನುವಾದದಲ್ಲಿ ಜೂಬಿಲಿ ವರ್ಷದ ಬಿಡುಗಡೆಗೆ ಇರುವ ಪದ ಇದೇ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಓದಿದ ಪ್ರವಾದನೆಯಲ್ಲಿ ಸೆರೆಯವರಿಗೆ ಸಾರಲ್ಪಡುವುದೂ ಆಫೆಸಿಸ್ (ಲೂಕ 4:18). ಜೂಬಿಲಿಯ ವಿಧಿಯಲ್ಲಿ ಸಾಲಕ್ಕೆ ತನ್ನನ್ನು ಮಾರಿಕೊಂಡವನು ಹೊರಬರುವಾಗ ಅವನ ಮಕ್ಕಳೂ ಅವನೊಂದಿಗೆ ಹೊರಬರುತ್ತಾರೆ. ಅಪ್ಪನ ಸಾಲಕ್ಕೆ ಮಗ ಜೀತಕ್ಕಿದ್ದುದನ್ನು ಕಂಡ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. 1976ರ ಜೀತಪದ್ಧತಿ ರದ್ದತಿ ಕಾನೂನು ಆ ಹುಡುಗನನ್ನು ನೀನು ಎಷ್ಟು ಸಾಲ ಮಾಡಿದ್ದೆ ಎಂದು ಕೇಳಲಿಲ್ಲ. ಅವನು ಸಾಲಗಾರನ ಮನೆಯಲ್ಲಿ ಹುಟ್ಟಿದ್ದನು. ಬಿಡುಗಡೆ ಅವನಿಗೂ ಸತ್ಯವಾಗಿಯೇ ಬೇಕಿತ್ತು. ಏನು ಪಾಪ ಮಾಡಿತ್ತು ಎಂದ ಅಜ್ಜಿಗೆ ನಾವು ಕೊಡಬೇಕಾಗಿದ್ದ ಉತ್ತರ ಇಲ್ಲಿತ್ತು: ಏನೂ ಮಾಡಿರಲಿಲ್ಲ, ತಾಯಿ, ಬಿಡುಗಡೆ ಬೇಕಿತ್ತು ಅಷ್ಟೆ.

ಆದರೆ ಪಶ್ಚಿಮದಲ್ಲಿ ಫಲಕವನ್ನು ಹಿಂದುಮುಂದಾಗಿ ಓದುವ ರೂಢಿ ಬೆಳೆಯಿತು. ಗುರಿಯಿಂದ ಅಪರಾಧಕ್ಕೆ, ಅಪರಾಧದಿಂದ ದಂಡನೆಗೆ. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳ ದಂಡನೆ ಎಲ್ಲಕ್ಕಿಂತ ಸೌಮ್ಯವಾದದ್ದೆಂದು ಅಗಸ್ಟೀನರು ಹೇಳಿದರು. ಆದರೆ ಅದು ದಂಡನೆಯೇ. ಮಧ್ಯಯುಗದ ದೈವಶಾಸ್ತ್ರಜ್ಞರು 'ಲಿಂಬೋ' ಎಂಬ ಅಂಚಿನ ನೆಲೆಯನ್ನು ಕಲ್ಪಿಸಿ ನೋವನ್ನು ತೆಗೆದುಹಾಕಿದರು, ದೇವದರ್ಶನವನ್ನು ಕೊಡಲಿಲ್ಲ. 1917ರ ಧರ್ಮಸಭೆಯ ಕಾನೂನು ಸಂಹಿತೆಯ 1239ನೆಯ ವಿಧಿ ದೀಕ್ಷಾಸ್ನಾನವಿಲ್ಲದೆ ಸತ್ತವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತು. ಅಂಥ ಕೂಸುಗಳಿಗೆ ಸ್ಮಶಾನದಲ್ಲಿ ಬೇರೆ ಮೂಲೆಯೇ ಆಯಿತು.

ಇದೇನೂ ಒಂದೇ ದಿನದಲ್ಲಿ ಬದಲಾಗಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಅಪ್ಪಣೆಯಂತೆ 1969ರಲ್ಲಿ ಬಂದ ಶಿಶು ದೀಕ್ಷಾಸ್ನಾನದ ವಿಧಿ, ರೋಮನ್ ಸಂಪ್ರದಾಯದಲ್ಲಿ ಶಿಶುಗಳ ನಿಜಸ್ಥಿತಿಗೆ ಹೊಂದುವಂತೆ ರಚಿತವಾದ ಮೊದಲನೆಯ ವಿಧಿ. ಅದಕ್ಕೆ ಮುಂಚೆ ವಯಸ್ಕರಿಗೆ ಕೇಳುವ ಪ್ರಶ್ನೆಗಳನ್ನೇ ತೊಟ್ಟಿಲ ಕೂಸಿಗೆ ಕೇಳಿ ಜ್ಞಾನತಂದೆ-ತಾಯಿಯರಿಂದ ಉತ್ತರ ಪಡೆಯಲಾಗುತ್ತಿತ್ತು. 1983ರ ಸಂಹಿತೆಯ 1183ನೆಯ ವಿಧಿಯ ಎರಡನೆಯ ಖಂಡದ ಪ್ರಕಾರ, ತಂದೆತಾಯಿಗಳು ದೀಕ್ಷಾಸ್ನಾನ ಕೊಡಿಸುವ ಉದ್ದೇಶ ಹೊಂದಿದ್ದು ಅದಕ್ಕೆ ಮೊದಲೇ ಸತ್ತ ಮಗುವಿಗೆ ಧರ್ಮಸಭೆಯ ಶವಸಂಸ್ಕಾರವನ್ನು ಸ್ಥಳೀಯ ಧರ್ಮಾಧಿಕಾರಿ ಅನುಮತಿಸಬಹುದು. ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ ಪ್ರಕಟಿಸಿದ ದಸ್ತಾವೇಜು ಲಿಂಬೋ ಎಂದೂ ವಿಶ್ವಾಸಸತ್ಯವಾಗಿ ಘೋಷಿತವಾಗಿರಲಿಲ್ಲವೆಂದು ನೆನಪಿಸಿ, ಈ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ಗಟ್ಟಿಯಾದ ಕಾರಣಗಳಿವೆಯೆಂದಿತು. ಖಚಿತ ಜ್ಞಾನವೆನ್ನಲಿಲ್ಲ, ನಿರೀಕ್ಷೆ ಎಂದಿತು. ನಿರೀಕ್ಷೆಯೂ ಮುಂದಕ್ಕೆ ನೋಡುವ ಪದವೇ.

ಅಗಸ್ಟೀನರನ್ನು ಕಟುಕನೆಂದು ತಳ್ಳಿಹಾಕುವ ವಿದ್ಯಾರ್ಥಿಗಳಿಗೆ ನಾವು ಅವರ 166ನೆಯ ಪತ್ರವನ್ನು ಓದಿಸುತ್ತೇವೆ. 415ರಲ್ಲಿ ಓರೋಸಿಯಸ್ ಎಂಬ ಯುವ ಗುರುವಿನ ಕೈಯಲ್ಲಿ ಬೆತ್ಲೆಹೇಮಿಗೆ, ಜೆರೋಮನಿಗೆ ಕಳುಹಿಸಿದ ಪತ್ರ ಅದು. ಎಳೆಯ ಮಕ್ಕಳ ದಂಡನೆಯ ಮಾತು ಬಂದಾಗ ತಾವು ಬಹಳ ಇಕ್ಕಟ್ಟಿಗೆ ಸಿಲುಕುವುದಾಗಿಯೂ ಏನು ಉತ್ತರಿಸಬೇಕೆಂದು ತೋಚದೆಂದೂ ಅವರು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಜೆರೋಮ್ ಅದಕ್ಕೆ ಉತ್ತರ ಕೊಡಲಿಲ್ಲ.

ಆ ಕೂಸನ್ನು ಸ್ಮಶಾನದ ಹಿಂಬದಿಯ ಗೋಡೆಯ ಪಕ್ಕದಲ್ಲಿ, ಪ್ರಾರ್ಥನೆಯ ವಿಧಿಯಿಲ್ಲದೆ ಮಣ್ಣುಮಾಡಲಾಯಿತು. ಅದು ಅಲ್ಲಿಯ ಹಳೆಯ ರೂಢಿ. ಹಿರಿಯರು ತೋರಿಸಿದ ಜಾಗದಲ್ಲಿ ನಾವು ನಿಂತೆವು. 1183ನೆಯ ವಿಧಿಯನ್ನು ನಾವು ಗುರುಮಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಧರ್ಮಾಧ್ಯಕ್ಷರ ಕಚೇರಿಗೆ ಒಂದು ಫೋನ್ ಮಾಡಿ ಅನುಮತಿ ಕೇಳಬಹುದಾಗಿತ್ತು. ಆ ದಿನ ಅದು ನೆನಪಾಗಲಿಲ್ಲ.